ಫೆದೆರೆಸಿ ಸಹಿ ಹಾಕದ ನವರಂಗ

ಮಬಾಂಬ ಜೌಗಿನ ದೋಣಿಕಟ್ಟೆಯಲ್ಲಿ ಫೆದೆರೆಸಿ ನಂಬೂಜೆಗೆ ಜನ ಇಟ್ಟಿದ್ದ ಹೆಸರು ‘ಎರಡೂರು ನೋಡೋಳು’. ಅವಳ ಎಡಗಣ್ಣು ಕೊಂಚ ವಾರೆ. ಒಂದು ಕಣ್ಣು ಎಂಟೆಬೆಯ ಕಡೆ, ಇನ್ನೊಂದು ಕಂಪಾಲದ ಕಡೆ ಎಂದು ದೋಣಿಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವಾಗ ಅವಳೇ ಹುರಿದುಕೊಟ್ಟ ಕಡಲೆಕಾಯಿ ಅವರ ಬಾಯಲ್ಲಿರುತ್ತಿತ್ತು ಎಂಬುದು ಬೇರೆ ಮಾತು.

ಅವಳ ಅಪ್ಪ ಮೀನು ಹಿಡಿಯುವವನು. ಆ ಕಾಲದಲ್ಲಿ ಜೌಗಿಗೆ ಹೊರಟವನ ಎದುರಿಗೆ ಬುಲ್ವೆ ಕಂಡರೆ ಅವತ್ತಿನ ಬಲೆ ಖಾಲಿ ಎಂದು ಎಲ್ಲರೂ ನಂಬಿದ್ದರು. ಬುಲ್ವೆ ಎಂದರೆ ಎದೆಮಟ್ಟ ಎತ್ತರದ ಬೂದು ಹಕ್ಕಿ. ಮೂತಿಗೆ ಯಾರೋ ಹಳೇ ಬೂಟು ಹೊಡೆದು ಕೂರಿಸಿದಂಥ ಕೊಕ್ಕು. ಜೊಂಡಿನ ನಡುವೆ ತನ್ನ ಕಾಲಿನ ಮೇಲೆ ತಾನೇ ಹೇತುಕೊಂಡು ತಂಪಾಗಿ ಗಂಟೆಗಟ್ಟಲೆ ಅಲುಗಾಡದೆ ನಿಂತಿರುತ್ತದೆ. ಅಪ್ಪ ಅದಕ್ಕೆ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತಿದ್ದ. ಒಮ್ಮೆ ಹುಟ್ಟನ್ನೇ ಎಸೆದು, ಕೈಯಲ್ಲಿ ನೀರು ತಳ್ಳಿಕೊಂಡು ಮನೆಗೆ ಬಂದಿದ್ದ. ಆಮೇಲೆ ಅದೇ ಹಕ್ಕಿಯನ್ನು ನೋಡಲು ವಿಮಾನ ಹತ್ತಿ ಬರುವ ಜನ ಇದ್ದಾರೆ ಎಂದು ಗೊತ್ತಾಯಿತು. ನಿನ್ನೆಯವರೆಗೆ ಅನಿಷ್ಟ ಎನ್ನುತ್ತಿದ್ದವರೆಲ್ಲ ಬೆಳಗಾಗುವುದರೊಳಗೆ ದೋಣಿಗೆ ಬುಲ್ವೆಯ ಚಿತ್ರ ಬರೆಸಿಕೊಂಡರು.

ಫೆದೆರೆಸಿ ಹಕ್ಕಿ ಕಲಿತದ್ದು ಕಡಲೆಕಾಯಿಯ ದೆಸೆಯಿಂದ. ಯಾರೋ ಪ್ರವಾಸಿ ಕಟ್ಟೆಯ ಮೇಲೆ ದಪ್ಪನೆಯ ಹಕ್ಕಿ ಪುಸ್ತಕವೊಂದನ್ನು ಮರೆತು ಹೋಗಿದ್ದ. ಹಾಳೆ ಗಟ್ಟಿಯಾಗಿದೆ, ಎಣ್ಣೆ ಇಳಿಯುವುದಿಲ್ಲ ಎಂದು ಅವಳು ಅದನ್ನು ಹರಿದು ಪೊಟ್ಟಣ ಕಟ್ಟತೊಡಗಿದಳು. ಎರಡು ದಿನ ಕಳೆದ ಮೇಲೆ ಒಂದು ಹಾಳೆಯಲ್ಲಿ ತನ್ನ ಕಣ್ಣೆದುರಿಗೆ ತಾವರೆ ಎಲೆಯ ಮೇಲೆ ನಡೆಯುತ್ತಿದ್ದ ದೇವನಕ್ಕಿಯೇ ಕಂಡಿತು. ಕೈ ನಿಂತಿತು. ಅಷ್ಟರಲ್ಲಿ ಹದ್ದು, ಗಿಡುಗ, ಡೇಗೆಗಳೆಲ್ಲ ಗಿರಾಕಿಗಳ ಜೇಬಿಗೆ ಇಳಿದು ಹೋಗಿದ್ದವು. ಉಳಿದದ್ದನ್ನು ಅವಳು ಎಂಟು ವರ್ಷ ಓದಿದಳು. ಹದ್ದುಗಳ ವಿಷಯದಲ್ಲಿ ಮಾತ್ರ ಇವತ್ತಿಗೂ ಅವಳು ಸ್ವಲ್ಪ ಕಚ್ಚಾ.

ಒಂದು ಬೆಳಿಗ್ಗೆ ಹಕ್ಕಿ ತೋರಿಸಬೇಕಾದವನು ಬಾಳೆಹಣ್ಣಿನ ಸಾರಾಯಿ ಕುಡಿದು ಮಲಗಿಬಿಟ್ಟಿದ್ದ. ಬುಟ್ಟಿ ಕೆಳಗಿಟ್ಟು ಇವಳು ದೋಣಿ ಹತ್ತಿದಳು. ದೋಣಿಯವನು ನಕ್ಕ: “ಎರಡೂರು ನೋಡೋಳು ಹಕ್ಕಿ ತೋರಿಸ್ತಾಳಂತೆ! ಒಂದು ಹಕ್ಕಿ ಎರಡಾಗಿ ಕಾಣುತ್ತೆ, ಬಂದವರಿಗೆ ಲಾಭ ಬಿಡ್ರಪ್ಪ!” ಅವಳು ಅವತ್ತು ಅರವತ್ತೆರಡು ಜಾತಿ ತೋರಿಸಿದಳು. ಆಮೇಲೆ ಅವಳು ಕೂಗಿದ ಪ್ರತಿ ಹಕ್ಕಿಯನ್ನೂ ಕಟ್ಟೆಯ ಗಂಡಸರು ದುರ್ಬೀನು ಹಾಕಿ ಇನ್ನೊಮ್ಮೆ ಪರೀಕ್ಷಿಸುತ್ತಿದ್ದರು. ಏಳೆಂಟು ವರ್ಷ ಹೀಗೇ ಪರೀಕ್ಷಿಸಿ, ಸೋತು, ಸುಮ್ಮನಾದರು. ಕಂಪಾಲದ ಪ್ರವಾಸ ಕಚೇರಿಯ ಯಜಮಾನ ಮುತ್ಯಾಬ ಅವಳನ್ನು ಜೌಗಿನಿಂದಾಚೆಗೂ, ಹುಲ್ಲುಗಾವಲಿಗೂ ಕಾಡಿಗೂ ಕಳಿಸತೊಡಗಿದ.

ಐವತ್ತೊಂದನೇ ವಯಸ್ಸಿನಲ್ಲಿ ಅವಳ ಪಾಲಿಗೆ ಗೆರಿಟ್ ಬಂದ. ಡಚ್ಚರವನು, ಕೆಲಸ ಬಿಟ್ಟ ಹಲ್ಲಿನ ಡಾಕ್ಟರು. ಜೊತೆಗೆ ಅಕ್ಕ ಅಲೈದಾ, ಎಪ್ಪತ್ತಾರರ ಮುದುಕಿ. ಹಕ್ಕಿಯೆಂದರೆ ಅವಳಿಗೆ ಕೋಳಿ ಮಾತ್ರ ಗೊತ್ತು, ಅದೂ ತಟ್ಟೆಯಲ್ಲಿ. ತಮ್ಮನ ಎದೆ ಸರಿಯಿಲ್ಲ, ಒಂಟಿಯಾಗಿ ಕಳಿಸಬೇಡಿ ಎಂದು ಡಾಕ್ಟರು ಹೇಳಿದ್ದರಂತೆ. ಅವನ ಜೊತೆ ಬರಲು ಊರಲ್ಲಿ ಬೇರೆ ಯಾರೂ ಒಪ್ಪಲಿಲ್ಲವಂತೆ.

ಗೆರಿಟ್ ಫೆದೆರೆಸಿಗೆ ನಮಸ್ಕಾರ ಹೇಳುವ ಮೊದಲೇ ಅವಳ ಬಾಯಿ ನೋಡಿದ. “ಕೆಳಗಿನ ಬಲದವಡೆ ತೆಗೆಸ್ಬೇಕು,” ಎಂದ. ಆಮೇಲೆ ತನ್ನ ಪಟ್ಟಿ ತೆಗೆದ. ಜಗತ್ತಿನಲ್ಲಿ ಅವನು ನೋಡಿದ ಹಕ್ಕಿಗಳು ಮೂರು ಸಾವಿರಕ್ಕೆ ಅರವತ್ತು ಕಡಿಮೆ. ಅವನ ಊರಿನ ಹಕ್ಕಿ ನೋಡುವವರ ಸಂಘದಲ್ಲಿ ಮೂರು ಸಾವಿರ ಮುಟ್ಟಿದವನು ಒಬ್ಬನೇ, ಅವನ ಮೂರು ಸಾವಿರದನೆಯದು ಯಾವುದೋ ಬಾತುಕೋಳಿ. “ನನ್ನದು ಹಸಿರೆದೆಯ ನವರಂಗ ಆಗ್ಬೇಕು. ಕಿಬಾಲೆ ಕಾಡಿನದು. ಮಾರ್ಗದರ್ಶಿಯ ಸಹಿ ಇದ್ರೆ ಮಾತ್ರ ಸಂಘ ಒಪ್ಪುತ್ತೆ,” ಎಂದು ಒಂದು ಮುದ್ರಿತ ಕಾಗದ ತೋರಿಸಿದ.

ಜೌಗಿನಲ್ಲಿ ಬುಲ್ವೆ ಸಿಕ್ಕಿತು. ಗೆರಿಟ್ ಅರ್ಧ ನಿಮಿಷ ನೋಡಿ ಗುರುತು ಹಾಕಿ, “ಮುಂದೆ?” ಎಂದ. ಅಲೈದಾ ಒಂದು ತಾಸು ಅದರ ಮುಖವನ್ನೇ ನೋಡುತ್ತ ಕೂತಳು. “ನನ್ನ ಅತ್ತೆ ಹೀಗೇ ನೋಡ್ತಿದ್ರು,” ಎಂದಳು.

ಹುಲ್ಲುಗಾವಲಿಗೆ ಬಂದಾಗ ಯಡವಟ್ಟಾಯಿತು. ಅಲ್ಲಿ ಹಕ್ಕಿಗಳಿಗೆ ನಾಚಿಕೆ ಮಾನ ಇಲ್ಲ; ಪೊದೆ ಪೊದೆಯ ಮೇಲೂ ಬಂದು ಕೂತು ಮೈ ತೋರಿಸುತ್ತವೆ. ಐದನೇ ದಿನ ಬೆಳಗಿನ ತಿಂಡಿಗೆ ಮುಂಚೆಯೇ ಗೆರಿಟ್‌ನ ಎಣಿಕೆ ಎರಡು ಸಾವಿರದ ಒಂಬೈನೂರ ತೊಂಬತ್ತೊಂಬತ್ತಕ್ಕೆ ಬಂದು ನಿಂತಿತು. ಕಿಬಾಲೆ ಇನ್ನೂ ಎರಡು ದಿನದ ದಾರಿ. ಇನ್ನೊಂದು ಹೊಸ ಹಕ್ಕಿ ಕಣ್ಣಿಗೆ ಬಿದ್ದರೆ ಅವನ ನವರಂಗದ ಆಸೆ ಮಣ್ಣಾಗುತ್ತಿತ್ತು. ಅವನು ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಸೀಟಿನಲ್ಲಿ ಒರಗಿಬಿಟ್ಟ.

ಗಾಡಿ ಓಡಿಸುತ್ತಿದ್ದ ಲುಬೋವ ಗಕ್ಕನೆ ನಿಲ್ಲಿಸಿದ. “ಸಿಂಹ!”

“ಗೆರಿಟ್, ಸಿಂಹ ಕಣೋ,” ಎಂದಳು ಅಲೈದಾ.

ಟೋಪಿಯ ಒಳಗಿನಿಂದ ಮಾತು ಬಂತು: “ಅದರ ಹತ್ರ ಹಕ್ಕಿ ಇದ್ಯಾ?”

“ಹಿಂದಿನ ಮರದಲ್ಲಿ ಏನೋ ನೀಲಿದು ಕೂತಿದೆ.”

“ಹಾಗಾದ್ರೆ ಬೇಡ.”

“ಇವರನ್ನ ಸುಮ್ನೆ ಎಂಟೆಬೆಯಲ್ಲೇ ಮೂಟೆ ಕಟ್ಟಿ ಇಡಬಹುದಿತ್ತಲ್ಲ ಅಕ್ಕ,” ಎಂದು ಲುಬೋವ ಫೆದೆರೆಸಿಯ ಕಿವಿಯಲ್ಲಿ ಗೊಣಗಿದ.

ಎರಡು ದಿನ ಗೆರಿಟ್ ಕುರುಡನಂತೆ ಬಂದ. ಊಟಕ್ಕೆ ಇಳಿದರೂ ತಟ್ಟೆ ಬಿಟ್ಟು ತಲೆಯೆತ್ತಲಿಲ್ಲ. ಅವನ ದುರ್ಬೀನು ಅಕ್ಕನ ಕೊರಳಿಗೆ ಬಂತು. ಕಳ್ಳಿಪೀರ, ಎರೆಲಡ್ಡು, ಸೂರಕ್ಕಿ ಎಂದು ಫೆದೆರೆಸಿ ತೋರಿಸಿದ್ದನ್ನೆಲ್ಲ ನೋಡಿ ಮುದುಕಿ ಕೇಕೆ ಹಾಕುತ್ತಿದ್ದರೆ, ಟೋಪಿಯೊಳಗೆ ಗೆರಿಟ್ ಹಲ್ಲು ಕಡಿಯುತ್ತಿದ್ದ. ಹಲ್ಲಿನ ಡಾಕ್ಟರು ಮಾಡಬಾರದ ಕೆಲಸ.

ಕಿಬಾಲೆಗೆ ಹೋದ ಸಂಜೆ ಅಲೈದಾ ಮತೋಕೆಯ ಮುದ್ದೆಯ ಮೇಲೆ ಕಡಲೆಕಾಯಿ ಸಾರನ್ನು ಮೂರು ಸಲ ಹಾಕಿಸಿಕೊಂಡಳು. ಹಸಿರು ಬಾಳೆಕಾಯಿ ಬೇಯಿಸಿದ್ದು ಹೊಟ್ಟೆಗೆ ಒಳ್ಳೆಯದು; ಸಾರಿನ ಬಗ್ಗೆ ಆ ಮಾತು ಹೇಳಲಾಗದು. ಬೆಳಿಗ್ಗೆ ಆರು ಗಂಟೆಗೆ ಕಾಡಿನೊಳಗೆ ಅರ್ಧ ಮೈಲಿ ನಡೆಯುವಷ್ಟರಲ್ಲಿ ಅವಳ ಮುಖ ಬೆಳ್ಳಗಾಯಿತು.

“ಫೆದೆರೆಸಿ, ನಂಗೆ ಈಗಲೇ ಹೋಗ್ಬೇಕು. ಈಗಲೇ ಅಂದ್ರೆ ಈಗಲೇ.”

ಗೆರಿಟ್‌ನನ್ನೂ ಬಂದೂಕಿನ ಕಾವಲುಗಾರನನ್ನೂ ಬಿದ್ದ ಮರದ ಮೇಲೆ ಕೂರಿಸಿ, ಫೆದೆರೆಸಿ ಮುದುಕಿಯ ಕೈ ಹಿಡಿದು ದೊಡ್ಡದೊಂದು ಮರದ ಬೇರಿನ ಮರೆಗೆ ಕರೆದೊಯ್ದಳು. ಹಾವು ಗೀವು ಇದೆಯೇ ಎಂದು ಕೋಲಿನಿಂದ ಬಡಿದು ನೋಡಿ, ಬೆನ್ನು ತಿರುಗಿಸಿ ನಿಂತಳು.

“ಪ್ರ್ರಿಪ್!”

ಸದ್ದು ಎಲ್ಲಿಂದ ಬಂತೆಂದು ಮೊದಲು ಅವಳಿಗೆ ಅನುಮಾನವೇ ಆಯಿತು. ಇನ್ನೊಮ್ಮೆ ಕೇಳಿದಾಗ ಮೆಲ್ಲನೆ ಕತ್ತು ತಿರುಗಿಸಿದಳು. ಮುದುಕಿ ಕುಕ್ಕರುಗಾಲಲ್ಲಿ ಕೂತ ಜಾಗದಿಂದ ನಾಲ್ಕೇ ಮಾರು ದೂರ, ಮೊಣಕಾಲೆತ್ತರದ ಬಳ್ಳಿಯ ಮೇಲೆ ನವರಂಗ. ಕಪ್ಪು ತಲೆ, ಹಸಿರು ಎದೆ, ಕೆಂಡದಂಥ ಹೊಟ್ಟೆ, ರೆಕ್ಕೆಯಲ್ಲಿ ಮಿಂಚುವ ನೀಲಿ. ಚಂಗನೆ ಮೇಲಕ್ಕೆ ಜಿಗಿಯಿತು, “ಪ್ರ್ರಿಪ್” ಎಂದಿತು, ಮತ್ತೆ ಅಲ್ಲೇ ಕೂತಿತು. ಇನ್ನೊಮ್ಮೆ ಜಿಗಿಯಿತು.

“ನೋಡ್ತಿದೀರಾ ಅಮ್ಮ?” ಫೆದೆರೆಸಿ ಉಸಿರಿನಲ್ಲೇ ಕೇಳಿದಳು.

“ನೋಡ್ದೆ ಇನ್ನೇನು ಮಾಡ್ಲಿ! ಎದ್ದು ಹೋಗೋ ಸ್ಥಿತೀಲಿ ಇದೀನಾ ನಾನು?” ಅಲೈದಾಳ ಕಣ್ಣಲ್ಲಿ ನೀರು ತುಂಬಿತ್ತು. “ಅಯ್ಯೋ, ಏನು ಚೆಂದ. ಏನು ಚೆಂದ ಇದು.”

ಫೆದೆರೆಸಿ ಕೈಯೆತ್ತಿ ಗೆರಿಟ್‌ಗೆ ಸನ್ನೆ ಮಾಡಿದಳು. ಅವನು ಮುಗ್ಗರಿಸುತ್ತ ಬಂದ. ಬರುವಾಗ ಮರ್ಯಾದೆಗೆಂದು ಟೋಪಿಯನ್ನು ಕಣ್ಣಿಗೆ ಅಡ್ಡ ಹಿಡಿದುಕೊಂಡಿದ್ದ. “ಅಕ್ಕ, ಎದ್ಯಾ? ನಾನು ನೋಡಬಹುದಾ?”

“ಪ್ರ್ರಿಪ್” ಎಂದು ಕೊನೆಯ ಸಲ ಕೂಗಿ ಹಕ್ಕಿ ಕತ್ತಲು ಎಲೆಗಳಲ್ಲಿ ಇಳಿದು ಹೋಯಿತು.

ನಾಲ್ಕು ತಾಸು ಹುಡುಕಿದರು; ಬೇರೆ ಹೊಸ ಹಕ್ಕಿ ಕಣ್ಣಿಗೆ ಬೀಳದಂತೆ ಗೆರಿಟ್ ನೆಲ ಬಿಟ್ಟು ಕಣ್ಣೆತ್ತಲಿಲ್ಲ. ಮರುದಿನ ಮತ್ತೆ ಆರು ತಾಸು. ನವರಂಗದ ಒಂದು ಪುಕ್ಕವೂ ಕಾಣಲಿಲ್ಲ. ಎರಡನೇ ಮಧ್ಯಾಹ್ನ ಗೆರಿಟ್ ಆ ಮುದ್ರಿತ ಕಾಗದ ತೆಗೆದು ಅವಳ ಮುಂದಿಟ್ಟ.

“ಸಹಿ ಹಾಕು.”

“ನೀವು ಕೇಳಿದ್ರಿ ಸಾರ್, ನೋಡ್ಲಿಲ್ಲ. ಕೇಳಿದೆ ಅಂತ ಬರೀರಿ, ಎರಡು ಕೈಯಲ್ಲೂ ಸಹಿ ಹಾಕ್ತೀನಿ.”

“ಎರಡು ಹೆಜ್ಜೆ ತಡ ಆಯ್ತು, ಅಷ್ಟೇ!”

“ಎರಡು ಹೆಜ್ಜೆ ತಡ ಆದ್ರೆ ಬಸ್ಸೂ ಸಿಗಲ್ಲ.”

“ನಿನ್ನ ಯಜಮಾನನಿಗೆ ಫೋನ್ ಮಾಡ್ತೀನಿ.”

ಮಾಡಿದ. ಹತ್ತು ನಿಮಿಷದಲ್ಲಿ ಮುತ್ಯಾಬನ ಫೋನ್ ಬಂತು. “ಏನಮ್ಮ ಫೆದೆರೆಸಿ, ಒಂದು ಹಕ್ಕಿ ಕೊಟ್ಟುಬಿಟ್ರೆ ನಿನ್ನಪ್ಪನ ಮನೆ ಗಂಟು ಹೋಗುತ್ತಾ? ಅದೇನು ಬಂದು ಕೋರ್ಟಲ್ಲಿ ಸಾಕ್ಷಿ ಹೇಳುತ್ತಾ? ಹಾಕು ಸಹಿ.”

ಫೆದೆರೆಸಿ ಸುಳ್ಳೇ ಹೇಳದ ಸಾಧ್ವಿಯೇನಲ್ಲ. ನಾಲ್ಕು ತಾಸಿನ ದಾರಿಯನ್ನು ‘ಇಲ್ಲೇ ಒಂದು ಗಂಟೆ’ ಎನ್ನುವವಳು. ಪಾದ್ರಿ ಮನೆಗೆ ಬಂದರೆ ಜ್ವರ ಎಂದು ಒಳಗೆ ಮಲಗುವವಳು. ಆದರೆ ‘ಕಂಡಿತು’ ಎಂಬ ಒಂದು ಮಾತಿಗಾಗಿ ಅವಳು ಆ ಕಟ್ಟೆಯ ಗಂಡಸರ ಮುಂದೆ ವರ್ಷಗಟ್ಟಲೆ ಪರೀಕ್ಷೆ ಕೊಟ್ಟಿದ್ದಳು. ವಾರೆಗಣ್ಣಿನವಳು ಕಂಡಿತು ಎಂದರೆ ಕಂಡಿತು. ಅಷ್ಟು ಮಾಡಲು ಅವಳ ಪ್ರಾಯವೇ ಸವೆದಿತ್ತು. ಅದನ್ನು ಎತ್ತಿ ಈ ಟೋಪಿಯವನಿಗೆ ಕೊಡುವುದು ಅವಳಿಂದ ಆಗಲಿಲ್ಲ.

“ಆಗಲ್ಲ ಯಜಮಾನ್ರೇ,” ಎಂದಳು. “ನಿಮಗೆ ಬೇಕಾದ್ರೆ ನೀವೇ ಬಂದು ಹಾಕಿ.”

“ಹಾಗಾದ್ರೆ ಇದೇ ನಿನ್ನ ಕೊನೇ ಪ್ರವಾಸ.”

ಗೆರಿಟ್ ಅಕ್ಕನ ಕಡೆ ತಿರುಗಿದ. “ನೀನಾದ್ರೂ ಸಾಕ್ಷಿ ಹಾಕು ಅಲೈದಾ.”

“ಹಾಕ್ತೀನಿ ಕೊಡು. ‘ನಾನು ಹೇಲಕ್ಕೆ ಕೂತಿದ್ದಾಗ ನೋಡಿದೆ, ನನ್ನ ತಮ್ಮ ನೋಡ್ಲಿಲ್ಲ’ ಅಂತ ಸ್ಫುಟವಾಗಿ ಬರೀತೀನಿ. ಸಂಘದಲ್ಲಿ ಓದಿ ಹೇಳು.”

ಲುಬೋವ ನಗು ತಡೆಯಲಾರದೆ ಗಾಡಿಯ ಬಾನೆಟ್ಟು ಎತ್ತಿ ಅದರೊಳಗೆ ತಲೆ ಹಾಕಿ ನಿಂತ.

ಮರಳುವ ದಾರಿಯಲ್ಲಿ ಗೆರಿಟ್ ಮತ್ತೆ ಟೋಪಿ ಎಳೆದುಕೊಂಡು ಕೂತಿದ್ದ. ಫೆದೆರೆಸಿ ಕಿಟಕಿಯಾಚೆ ನೋಡುತ್ತ, ಇನ್ನು ಕಡಲೆಕಾಯಿ ಬುಟ್ಟಿಗೆ ಹೊಸ ಹಿಡಿಕೆ ಹಾಕಿಸಬೇಕು ಎಂದು ಲೆಕ್ಕ ಹಾಕುತ್ತಿದ್ದಳು. ಚಹಾ ತೋಟದ ಪಕ್ಕದಲ್ಲಿ ಗಾಡಿಯ ಚಕ್ರಕ್ಕೆ ಮೊಳೆ ಚುಚ್ಚಿತು. ಎಲ್ಲರೂ ಇಳಿದರು. ಬೇಲಿಯ ಮೇಲೆ ಕಂದು ಬಣ್ಣದ ಎರಡು ಉಲಿಯಕ್ಕಿ ಬಂದು ಕೂತವು. ಮುದುರಿಸಿಟ್ಟ ಒಣ ಎಲೆಯಷ್ಟು ಅಂದ. ಆದರೆ ಎರಡೂ ಮುಖಾಮುಖಿ ನಿಂತು, ಬಾಲ ಕುಣಿಸುತ್ತ, ನಲ್ಲಿಯ ಹತ್ತಿರ ಜಗಳಕ್ಕೆ ಬಿದ್ದವರ ಹಾಗೆ ಒಟ್ಟಿಗೆ ಕಿರುಚತೊಡಗಿದವು. ಗಂಡು ಅರ್ಧ ಹೇಳಿದರೆ ಹೆಣ್ಣು ಅದನ್ನು ಕಿತ್ತುಕೊಂಡು ಮುಗಿಸುತ್ತಿತ್ತು.

ನಲವತ್ತು ವರ್ಷದ ಚಟ. ಗೆರಿಟ್‌ನ ಕೈ ತಾನಾಗಿಯೇ ಟೋಪಿ ಎತ್ತಿತು. ನೋಡಿಬಿಟ್ಟ. ನೋಡಿದ ಮೇಲೆ ತಾನೇನು ಮಾಡಿದೆ ಎಂದು ಹೊಳೆದು, ಬಾಯಿ ತೆರೆದು ನಿಂತ.

“ಇದು... ಪಟ್ಟಿಯಲ್ಲಿದ್ಯಾ ನಂದು?”

ಫೆದೆರೆಸಿ ಪಟ್ಟಿ ತಿರುವಿದಳು. ಬೇಕೆಂದೇ ನಿಧಾನವಾಗಿ ತಿರುವಿದಳು. “ಇಲ್ಲ ಸಾರ್. ಹೊಸದು.”

ಅವನು ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟ. ಅಳುತ್ತಾನೇನೋ ಎಂದು ಅವಳಿಗೆ ಭಯವಾಯಿತು. ಎದೆಯ ತೊಂದರೆ ಬೇರೆ. ಸ್ವಲ್ಪ ಹೊತ್ತಿನ ಮೇಲೆ ಅಲೈದಾ ಹೋಗಿ ಅವನ ಪಕ್ಕ ಕೂತು ದುರ್ಬೀನು ಅವನ ಕೊರಳಿಗೆ ಹಾಕಿದಳು. “ಅಪ್ಪ ಅಮ್ಮನ ಥರ ಇಲ್ವೇನೋ ಇವು?” ಎಂದಳು. ಗೆರಿಟ್ ಮತ್ತೆ ನೋಡಿದ. ಚಕ್ರ ಬದಲಾಯಿಸಿ ಮುಗಿದರೂ ನೋಡುತ್ತಲೇ ಇದ್ದ. ಕೊನೆಗೆ ಕಾಗದದಲ್ಲಿ ನವರಂಗವನ್ನು ಹೊಡೆದು ಹಾಕಿ, ಉಲಿಯಕ್ಕಿ ಎಂದು ಬರೆದು, ಅವಳಿಗೆ ಚಾಚಿದ. ಫೆದೆರೆಸಿ ಗಾಡಿಯ ಬಾನೆಟ್ಟಿನ ಮೇಲಿಟ್ಟು ದೊಡ್ಡದಾಗಿ ಸಹಿ ಹಾಕಿದಳು.

ಅವನು ಕ್ಷಮೆ ಕೇಳಲಿಲ್ಲ. ಮುತ್ಯಾಬನೂ ಮಾತು ಉಳಿಸಿಕೊಂಡ. ಏಳು ತಿಂಗಳು ಅವಳಿಗೆ ಒಂದು ಪ್ರವಾಸವೂ ಬರಲಿಲ್ಲ. ಅವಳು ಕಟ್ಟೆಯಲ್ಲಿ ಕಡಲೆಕಾಯಿ ಹುರಿದಳು, ದಿನಗೂಲಿಯ ಮೇಲೆ ದೋಣಿಗೆ ಕರೆದರೆ ಹೋದಳು. ಅತ್ತ ಗೆರಿಟ್ ತನ್ನ ಸಂಘದಲ್ಲಿ ಅವಳನ್ನು ಬಾಯಿಗೆ ಬಂದಂತೆ ಬೈದನಂತೆ. ಹಿಂದಿನಿಂದ ಬುಲ್ವೆ ಬಂದು ಕಚ್ಚಿದರೂ, ನೋಡಲಿಲ್ಲ ಎಂದರೆ ಸಹಿ ಹಾಕದ ಹಟಮಾರಿ ಹೆಂಗಸು ಎಂದು. ಅದನ್ನು ಕೇಳಿದ ಸಂಘದ ಮುದುಕರಿಗೆ ಬೇರೆಯೇ ಅರ್ಥವಾಯಿತು. ಅಂಥವಳ ಸಹಿ ಇರುವ ಪಟ್ಟಿಯನ್ನು ಯಾರೂ ಅನುಮಾನಿಸುವ ಹಾಗಿಲ್ಲ. ಒಬ್ಬರ ಹಿಂದೆ ಒಬ್ಬರು ಮುತ್ಯಾಬನಿಗೆ ಬರೆದರು: ನಮಗೆ ಆ ಹಟಮಾರಿಯೇ ಬೇಕು.

ಮುತ್ಯಾಬ ತಾನೇ ಕಾರು ಓಡಿಸಿಕೊಂಡು ಮಬಾಂಬಕ್ಕೆ ಬಂದ. ಹೊಳೆಯುವ ಬೂಟು ಹಾಕಿಕೊಂಡು ಕಟ್ಟೆಯ ಕೆಸರಲ್ಲಿ ನಿಂತು, “ಫೆದೆರೆಸಿ, ಸ್ವಲ್ಪ ಮಾತಾಡೋದಿತ್ತು,” ಎಂದ.

ಅವಳು ಕರಿದ ಮೀನಿನ ತಲೆ ತಿನ್ನುತ್ತಿದ್ದಳು. ಕೂರಲು ಅಲ್ಲಿ ಇನ್ನೊಂದು ಮಣೆ ಇತ್ತು, ತೋರಿಸಲಿಲ್ಲ.

“ಮುಳ್ಳಿದೆ ಯಜಮಾನ್ರೇ, ಅವಸರ ಮಾಡಿದ್ರೆ ಗಂಟಲಿಗೆ ಸಿಕ್ಕುತ್ತೆ,” ಎಂದು ಹೇಳಿ, ಕೆನ್ನೆಯ ಮಾಂಸವನ್ನು ಬಿಡಿಸಿ ಬಿಡಿಸಿ ತಿಂದಳು.