ಅಪ್‌ಡೌನ್ ಮಾಡಿದವರ ದಿನಗಳು

ಕಲಬುರಗಿಯಿಂದ ಕಮಲಾಪುರಕ್ಕೆ ನಾನು ಅಪ್‌ಡೌನ್ ಮಾಡಲು ಶುರುಮಾಡಿ ಹತ್ತೊಂಬತ್ತು ವರ್ಷವಾಯಿತು. ಶಾಲೆ ಅಲ್ಲಿ, ಹಾಸಿಗೆ ಇಲ್ಲಿ ಕಲಬುರಗಿಯ ಬ್ರಹ್ಮಪುರ ಓಣಿಯಲ್ಲಿ. ನಮ್ಮ ಕಡೆ, ರಾತ್ರಿ ಉಣ್ಣಲು ಮನೆಗೆ ಬರುವವರನ್ನು ಯಾರೂ ಊರಿಗೆ ಹೋಗಿದ್ದಾರೆ ಎನ್ನುವುದಿಲ್ಲ. ನಾನು ಶಾಲೆಯಲ್ಲಿದ್ದಾಗ ಯಾರಾದರೂ ಮನೆಗೆ ಬಂದು ವಿಚಾರಿಸಿದರೆ ಪಕ್ಕದ ಮನೆಯವರು, "ಊರಾಗೇ ಇದ್ದಾರ್ರೀ, ಸಂಜಿಗಿ ಸಿಗ್ತಾರ," ಅನ್ನುತ್ತಾರೆ. ಆ ಹೊತ್ತಿಗೆ ನಾನು ಕಮಲಾಪುರದಲ್ಲಿ ಮಗ್ಗಿ ಹೇಳಿಸುತ್ತಿರುತ್ತೇನೆ. ಈ ರೂಢಿಯನ್ನೇ ನಂಬಿ ನನ್ನ ತಂಗಿಗೆ ಒಂದು ತಪ್ಪು ಮಾತು ಹೇಳಿಕೊಟ್ಟೆ. ಅದರ ಫಲವನ್ನು ನಮ್ಮ ದೊಡ್ಡಕ್ಕ ಉಂಡಳು.

ನಾವು ಮೂವರು ಅಕ್ಕತಂಗಿಯರು. ದೊಡ್ಡಕ್ಕ ಮದುವೆಯಾಗಿ ಅಮೆರಿಕಕ್ಕೆ ಹೋದವಳು. ನಡುವಿನವಳು ನಾನು, ಇಲ್ಲೇ ಉಳಿದೆ. ತಂಗಿ ನರ್ಸ್ ಕೆಲಸ ಹಿಡಿದು ಕೆನಡಾ ಸೇರಿದಳು, ಅದೂ ದೊಡ್ಡಕ್ಕ ಹತ್ತಿರವಿರಲಿ ಎಂದು ಗಡಿಯ ಊರನ್ನೇ ಹುಡುಕಿಕೊಂಡಳು. ನಡುವೆ ಒಂದು ಹೊಳೆ, ಹೊಳೆಗೆ ಒಂದು ಸೇತುವೆ. ಈ ದಂಡೆಗೆ ತಂಗಿಯ ದೇಶ, ಆ ದಂಡೆಗೆ ಅಕ್ಕನ ದೇಶ.

ನಾಲ್ಕು ವರ್ಷದ ಹಿಂದೆ ದೊಡ್ಡಕ್ಕನಿಗೆ ಲಕ್ವ ಹೊಡೆಯಿತು. ಬಲಗಡೆ ಬಿದ್ದುಹೋಯಿತು, ಬಾಯಿ ಸೊಟ್ಟಾಯಿತು, ನೆನಪು ಕಲಸಿಹೋಯಿತು. ಭಾವ ಹಗಲು ಕೆಲಸಕ್ಕೆ ಹೋಗಲೇಬೇಕು. ಸಂಬಳಕ್ಕೆ ಇಟ್ಟ ಹೆಂಗಸು ತುತ್ತು ಕೊಟ್ಟರೆ ದೊಡ್ಡಕ್ಕ ಉಗುಳುತ್ತಿದ್ದಳು. ಭಾವ ಕೊಟ್ಟರೆ ಅರ್ಧ. ತಂಗಿ ಕೊಟ್ಟರೆ ಮಾತ್ರ ಕೂಸಿನ ಹಾಗೆ ಬಾಯಿ ತೆರೆಯುತ್ತಿದ್ದಳು. ಹೀಗಾಗಿ ತಂಗಿ ಸಂಜೆ ಪಾಳಿ ಕೇಳಿ ಹಾಕಿಸಿಕೊಂಡು, ಬೆಳಿಗ್ಗೆ ಸೇತುವೆ ದಾಟಿ, ಅಕ್ಕನಿಗೆ ಸ್ನಾನ ಮಾಡಿಸಿ, ಉಣಿಸಿ, ತಲೆ ಬಾಚಿ, ಮಧ್ಯಾಹ್ನ ವಾಪಸ್ಸಾಗುತ್ತಿದ್ದಳು. ಬೆಳಿಗ್ಗೆ ಅಕ್ಕನ ಮನೆ ಮುಟ್ಟಿದೊಡನೆ ನನಗೊಂದು ಮೆಸೇಜು: "ಮುಟ್ಟೀನಿ." ನನಗೆ ಆಗ ಸಂಜೆ, ರೊಟ್ಟಿ ಬಡಿಯುವ ಹೊತ್ತು. ಅದು ಬಂದ ಮೇಲೇ ನನಗೆ ಊಟ ಸೇರುತ್ತಿತ್ತು.

ಅವಳ ಅಮೆರಿಕದ ವೀಸಾ ಮುಗಿಯುವ ಕಾಲ ಬಂತು. ಹೊಸದಕ್ಕೆ ಸರದಿ ಎಷ್ಟು ಉದ್ದವಿತ್ತೆಂದರೆ ಕೇಳಿಯೇ ಸುಸ್ತು. ಆದರೆ ಕೆನಡಾದ ಪಾಸ್‌ಪೋರ್ಟ್ ಸಿಕ್ಕರೆ ಸೇತುವೆ ದಾಟಲು ವೀಸಾವೇ ಬೇಡ. ತಂಗಿ ಪೌರತ್ವಕ್ಕೆ ಅರ್ಜಿ ಹಾಕಿದಳು. ಅದನ್ನು ತುಂಬುವಾಗ ಫೋನ್ ಮಾಡಿದಳು.

"ಅಕ್ಕಾ, ನಾಲ್ಕ್ ವರ್ಷದಾಗ ಬ್ಯಾರೆ ದೇಶದಾಗ ಒಟ್ಟ ಆರ್ ತಿಂಗಳ ಮ್ಯಾಲ ಇದ್ದೀಯೇನು ಅಂತ ಕೇಳ್ಯಾರ. ಏನ್ ಬರೀಲಿ?"

"ಇಲ್ಲಂತ ಬರಿ," ಅಂದೆ. "ನಾ ಇಷ್ಟ್ ವರ್ಷ ಅಪ್‌ಡೌನ್ ಮಾಡಾಕತ್ತೀನಿ, ಕಮಲಾಪುರದಾಗ ಇದ್ದೀನಿ ಅಂತ ಯಾರಿಗರ ಹೇಳೀನೇನ್? ರಾತ್ರಿ ನಿನ್ನ ಮನ್ಯಾಗ ಮಲಗ್ತಿ, ಮುಗೀತು."

ಅವಳಿಗೂ ಅದು ಸರಿ ಅನ್ನಿಸಿತು. ಯಾಕೆಂದರೆ ಅದೇ ಅರ್ಜಿಯಲ್ಲಿ ಇನ್ನೊಂದು ಕಡೆ, ಹೋಗಿ ಅದೇ ದಿನ ತಿರುಗಿ ಬಂದರೆ ದೇಶ ಬಿಟ್ಟ ಹಾಗಲ್ಲ ಎಂದಿತ್ತಂತೆ. ಇಲ್ಲ ಎಂದು ಬರೆದು ಕಳಿಸಿದಳು.

ವೀಸಾ ಮುಗಿಯಿತು. ಸೇತುವೆ ದಾಟುವುದು ನಿಂತಿತು. ಎರಡು ತಿಂಗಳಿಗೆ ಪೌರತ್ವದ ಕಚೇರಿಯಿಂದ ಒಂದು ಪತ್ರ ಬಂತು. ತಂಗಿ ಅದರ ಫೋಟೋ ಕಳಿಸಿದಾಗ ನಾನು ಕಮಲಾಪುರದ ಬಸ್ಸಿನಲ್ಲಿದ್ದೆ. ಗಡಿಯ ದಫ್ತರದಲ್ಲಿ ಅವಳು ದಾಟಿದ ಪ್ರತಿ ದಿನವೂ ದಾಖಲಾಗಿದೆ. ಮಲಗಿದ್ದು ಎಲ್ಲಿಯಾದರೂ ಸರಿ, ಹಗಲು ಆ ದೇಶದಲ್ಲಿ ಕಳೆದ ದಿನವೂ ಅಲ್ಲಿದ್ದ ದಿನವೇ. ಒಟ್ಟು ಕೂಡಿಸಿದರೆ ಆರು ತಿಂಗಳು ದಾಟುತ್ತದೆ. ಆದ್ದರಿಂದ ಅಮೆರಿಕದ ಪೊಲೀಸ್ ಪ್ರಮಾಣಪತ್ರ ತರಬೇಕು, ಹೋದ ದಿನಗಳ ಪಟ್ಟಿ ಕೊಡಬೇಕು, ಇಲ್ಲ ಎಂದು ಯಾಕೆ ಬರೆದೆ ಎಂಬುದನ್ನೂ ತಿಳಿಸಬೇಕು. ಒಂದೇ ಅರ್ಜಿಯ ಒಂದು ಪುಟದಲ್ಲಿ ಅವಳು ಮನೆಯಲ್ಲೇ ಇದ್ದಳು, ಇನ್ನೊಂದು ಪುಟದಲ್ಲಿ ಪರದೇಶದಲ್ಲಿದ್ದಳು. ಓದಿ ನನಗೆ ಸಿಟ್ಟೂ ಬರಲಿಲ್ಲ. ಹೇಳಿಕೊಟ್ಟವಳು ನಾನಲ್ಲವೇ.

ನನ್ನ ಜೊತೆ ನಮ್ಮೂರಿನ ಮೋಮಿನಪುರ ಓಣಿಯಿಂದ ಉರ್ದು ಮೇಷ್ಟ್ರು ಒಬ್ಬರು ಅಪ್‌ಡೌನ್ ಮಾಡುತ್ತಾರೆ. ನನ್ನ ಮುಖ ನೋಡಿ ಪತ್ರ ಇಸಿದುಕೊಂಡು ಓದಿದರು.

"ಘಾಬ್ರಿ ಆಗಬ್ಯಾಡ್ರಿ ಮೇಡಮ್. ನಮ್ಮ ಭಾಯಿ ಸೌದಿಗಿ ಹೋಗಾಗ ನಾವೂ ಇಂಥಾ ಕಾಗದ ತಗೊಂಡೀವಿ. ಪೊಲೀಸ್ ಕಾಗದ ಅಂದ್ರ ಗುನ್ಹಾ ಮಾಡ್ಯಾರ ಅಂತ ಅಲ್ಲ, ಮಾಡಿಲ್ಲ ಅಂತ. ಮೊದ್ಲ ತಾರೀಖು ಕೂಡಿಸ್ರಿ."

"ಆಕಿ ಎಲ್ಲೀನೂ ಬರ್ಕೊಂಡಿಲ್ರಿ ಸರ್."

"ನಿಮಗ ಮೆಸೇಜ್ ಮಾಡ್ತಾರಂತಿದ್ರಿ ಅಲ್ಲಾ?"

ನನಗೆ ಹೊಳೆದೇ ಇರಲಿಲ್ಲ. ಶಾಲೆಯಲ್ಲಿ ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಿದ್ದವು. ಮಧ್ಯಾಹ್ನದ ಬಿಡುವಿನಲ್ಲಿ ಮೇಷ್ಟ್ರು ನನ್ನ ಫೋನು ಹಿಡಿದು ತಾರೀಖು ಓದುವುದು, ನಾನು ಹಾಜರಿ ಹಾಕುವುದು. ನಾಲ್ಕು ದಿನ ಕೂತೆವು. "ಮುಟ್ಟೀನಿ." "ಮುಟ್ಟೀನಿ, ಭಾಳ ಹಿಮ." "ಮುಟ್ಟೀನಿ, ಜ್ವರ ಬಂದಾವ, ಅಕ್ಕಗ ಹೇಳಬ್ಯಾಡ." ಆ ಜ್ವರದ ದಿನವೂ ನಾನು ಅವಳಿಗೆ ಹಾಜರಿಯೇ ಹಾಕಿದೆ. ಕಡೆಯ ದಿನ ಕೂಡಿಸಿದಾಗ ಮುನ್ನೂರ ಹನ್ನೆರಡಾಯಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮ ಸಾಲಿ ಹುಡುಗ್ರೂ ಇಷ್ಟ್ ಬರಂಗಿಲ್ರಿ," ಅಂದರು. ನಗಲು ನೋಡಿದೆ, ಆಗಲಿಲ್ಲ.

ಇಲ್ಲ ಎಂದು ಬರೆದ ಕಾರಣ ಏನು ಕೊಡುವುದು? ನಮ್ಮಲ್ಲಿ ಸಂಜೆ ಮನೆಗೆ ಬರುವವರು ಎಲ್ಲಿಗೂ ಹೋದಂತಲ್ಲ ಎಂದರೆ ಆ ಸಾಹೇಬರಿಗೆ ತಿಳಿಯುವುದೇ? ಕೊನೆಗೆ ತಂಗಿ ಇದ್ದದ್ದನ್ನೇ ಬರೆದಳು, ನನ್ನನ್ನೂ ಸೇರಿಸಿ. ನನ್ನ ಅಕ್ಕ ಹೀಗೆ ಹೇಳಿದಳು, ನಾನೂ ಹಾಗೇ ನಂಬಿದ್ದೆ ಎಂದು.

ಆಮೇಲೆ ಬೆರಳಚ್ಚಿನ ಗೋಳು. ಹತ್ತು ಬೆರಳೂ ಒತ್ತಿ ಅಮೆರಿಕಕ್ಕೆ ಕಳಿಸಿದರೆ, ಅಚ್ಚು ಸರಿಯಾಗಿ ಮೂಡಿಲ್ಲವೆಂದು ತಿರುಗಿ ಬಂತು. ಆಸ್ಪತ್ರೆಯಲ್ಲಿ ದಿನಕ್ಕೆ ನೂರು ಸಲ ಕೈ ತೊಳೆದು ತೊಳೆದು ಅವಳ ಬೆರಳ ತುದಿಯ ಗೆರೆಗಳೇ ಸವೆದಿದ್ದವು. "ರಾತ್ರಿ ಎಣ್ಣಿ ಹಚ್ಕೊಂಡ್ ಮಲಗವಾ," ಅಂದೆ. ಹಚ್ಚಿಕೊಂಡಳು. ಎರಡನೆಯ ಸಲದ್ದು ನಡೆಯಿತು. ಆಮೇಲೆ ಕಾಯುವುದು. ಇವತ್ತು ಬಂತೇ, ನಾಳೆ ಬಂದೀತೇ ಎಂದು ಕೇಳಿ ಕೇಳಿ ನನಗೇ ಬೇಸರ ಬಂದು ಕೇಳುವುದನ್ನು ಬಿಟ್ಟೆ.

ಅಷ್ಟರಲ್ಲಿ ದೊಡ್ಡಕ್ಕ ಉಣ್ಣದೆ ಇಳಿದುಹೋಗುತ್ತಿದ್ದಳು. ಸಂಜೆ ವೀಡಿಯೊದಲ್ಲಿ ಭಾವ ಅವಳ ಎದುರು ನನ್ನನ್ನು ಹಿಡಿಯುತ್ತಿದ್ದರು. ನಾನು ಇಲ್ಲಿ ತುತ್ತು ಬಾಯಿಗಿಟ್ಟುಕೊಂಡು ತೋರಿಸುತ್ತಿದ್ದೆ. "ನೋಡಕ್ಕಾ, ನಾ ಉಣ್ಣಾಕತ್ತೀನಿ, ನೀನೂ ಉಣ್ಣು." ಅವಳು ನನ್ನನ್ನು ನೋಡುತ್ತಲೇ ಇರಲಿಲ್ಲ, ಬಾಗಿಲು ನೋಡುತ್ತಿದ್ದಳು. ಮೂಗಿನಲ್ಲಿ ನಳಿಗೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹೊಳೆಯ ಈ ದಂಡೆಯಲ್ಲಿ ತಂಗಿ ನಿಂತಿದ್ದಾಳೆ, ಆಚೆ ಅಕ್ಕ ಉಪವಾಸ. ನಾನೊಬ್ಬಳು "ಹೌದು" ಅಂತ ಬರಿ ಎಂದಿದ್ದರೆ ಆ ಪೊಲೀಸ್ ಕಾಗದ ಅರ್ಜಿಯ ಜೊತೆಗೇ ಹೋಗಿರುತ್ತಿತ್ತು. ಇಷ್ಟು ತಿಂಗಳು ನನ್ನ ಲೆಕ್ಕಕ್ಕೇ ಬಂದವು. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಎಷ್ಟೋ ಸಲ ಅತ್ತಿದ್ದೇನೆ. ಮೇಷ್ಟ್ರು ನೋಡಿಯೂ ನೋಡದವರಂತೆ ಕೂತಿರುತ್ತಿದ್ದರು.

ಪ್ರಮಾಣಪತ್ರ ಬಂತು. ಈ ಬೆರಳಿನವರ ಮೇಲೆ ನಮ್ಮಲ್ಲಿ ಯಾವ ಅಪರಾಧದ ದಾಖಲೆಯೂ ಇಲ್ಲ ಎಂಬ ಒಂದು ಹಾಳೆ. ಆಮೇಲೆ ಪರೀಕ್ಷೆ, ಪ್ರತಿಜ್ಞೆ, ಪಾಸ್‌ಪೋರ್ಟು. ಅವಳು ಕೊನೆಯ ಸಲ ಸೇತುವೆ ದಾಟಿ ಅಲ್ಲಿಗೆ ಹನ್ನೊಂದು ತಿಂಗಳಾಗಿತ್ತು.

ಪಾಸ್‌ಪೋರ್ಟ್ ಕೈಗೆ ಬಂದ ಮರುದಿನವೇ ತಂಗಿ ಹೊರಟಳು. ಇಲ್ಲಿ ಸಂಜೆ. ಹಂಚು ಇಳಿಸಿ ಫೋನು ಹಿಡಿದು ಕೂತೆ. ಭಾವ ಆ ಕಡೆ ಫೋನನ್ನು ಮೇಜಿನ ಮೇಲೆ ನಿಲ್ಲಿಸಿದ್ದರು. ತಂಗಿ ಒಳಗೆ ಬಂದಳು. ದೊಡ್ಡಕ್ಕ ಅಳುತ್ತಾಳೆ, ಇಲ್ಲವೇ ಬಯ್ಯುತ್ತಾಳೆ ಅಂದುಕೊಂಡಿದ್ದೆ. ಗುರುತೇ ಹಿಡಿಯದಿದ್ದರೆ ಎಂಬ ಹೆದರಿಕೆಯೂ ಇತ್ತು. ಅವಳು ತಂಗಿಯನ್ನು ಮೇಲಿಂದ ಕೆಳಗೆ ನೋಡಿ, ಸೊಟ್ಟ ಬಾಯಿಂದ ಒಂದೊಂದೇ ಮಾತು ಎತ್ತಿಟ್ಟಳು.

"ನಿನ್ನಿ... ಯಾಕ... ಬರಲಿಲ್ಲ?"

ತಂಗಿ ಹೆಗಲ ಚೀಲ ಇಳಿಸಿದಳು. "ಬಸ್ ತಪ್ಪಿತಕ್ಕಾ," ಅಂದಳು.

ದೊಡ್ಡಕ್ಕ ತಲೆಯಾಡಿಸಿ ಬಾಯಿ ತೆರೆದಳು.