ಹೆಣದ ಕೋಣೆಯ ಕಾಕಾ

ಕಾಕಾನನ್ನು ನಾನು ಮೊದಲು ಕಂಡಾಗ ಅವನ ಹತ್ತೂ ಉಗುರುಗಳ ಸಂದಿಯಲ್ಲಿ ನನ್ನ ಅಕ್ಕನನ್ನು ಹೂತಿದ್ದ ಕುಣಿಯ ಕರಿಮಣ್ಣು ತುಂಬಿತ್ತು. ದವಾಖಾನೆಯಲ್ಲಿ ಹೆಣ ಕೊಯ್ಯುವ ಕೆಲಸ ಅವನದು. ಕುಡುಕ ಎಂದು ಹುನಗುಂದವೆಲ್ಲ ಆಡಿಕೊಳ್ಳುತ್ತಿತ್ತು. ಅಂಥವರನ್ನು ಕಂಡರೆ ನಾನೂ ಮೂಗು ಮುರಿಯುತ್ತಿದ್ದವಳೇ.

ಇಳಕಲ್ಲಿಗೆ ಕೊಟ್ಟಿದ್ದ ಅಕ್ಕ ಎದೆನೋವಿನಿಂದ ಹೋದಳೆಂದು ಗಂಡನ ಮನೆಯವರು ಹೇಳಿದ್ದರು. ಮುತ್ತೈದೆಯಾಗಿ ಹೋದವಳೆಂದು ಅವ್ವ ತಾನೇ ಮೈತೊಳೆದು ಅರಿಷಿಣ ಹಚ್ಚಿದಳು. ಕುತ್ತಿಗೆಯ ಮೇಲೆ ಕಪ್ಪು ಕಲೆಗಳಿದ್ದವು. 'ತಾಳಿ ಒತ್ತೇತ್ರಿ' ಎಂದ ಬೀಗತಿಯ ಮಾತು ನಂಬಿ, ಅವು ಕಾಣದಂತೆ ದಪ್ಪಗೆ ಬಳಿದಳು. ನಮ್ಮ ಪದ್ಧತಿಯಂತೆ ಕುಣಿಯಲ್ಲಿ ಕೂರಿಸಿ ಮಣ್ಣು ಕೊಟ್ಟು ನಮ್ಮೂರು ಕಮತಗಿಗೆ ಮರಳಿದೆವು. ಆರನೇ ದಿನ ಇಳಕಲ್ಲಿನಲ್ಲಿ ಅಕ್ಕನ ಪಕ್ಕದ ಮನೆಯ ಮುದುಕಿ ಬಾಯಿಬಿಟ್ಟಳು. ಗಂಡ ಎದೆಯ ಮೇಲೆ ಕೂತು ಕುತ್ತಿಗೆ ಹಿಸುಕಿದ್ದ. ಅಕ್ಕ ಕಾಲು ಬಡಿಯುವ ಸದ್ದು ಗೋಡೆಯಾಚೆ ಕೇಳಿಸಿತ್ತಂತೆ. ಅವನನ್ನು ಕೈಯಾರೆ ಕೊಲ್ಲಬೇಕು ಅನಿಸಿತ್ತು. ಈಗಲೂ ಅನಿಸುತ್ತದೆ.

ನಾವು ದೂರು ಕೊಟ್ಟ ಮೇಲೆ ಪೊಲೀಸರು ತಹಸೀಲ್ದಾರರೆದುರು ಕುಣಿ ಅಗೆಸಿದರು. ಅಕ್ಕನ ನೆತ್ತಿ ಕಂಡದ್ದೇ ತಡ, ಕಾಕಾ ಕೂಲಿಯವರನ್ನು ಗದರಿಸಿದ: 'ಸಲಿಕಿ ಹೊರಗ ಒಗೀರಲೇ. ಇಲ್ಲಿಂದ ಕೆಳಗ ಬರೇ ಕೈ.' ನಾತಕ್ಕೆ ಪೊಲೀಸರು ಹೊಲದ ಬದುವಿನಲ್ಲಿ ವಾಂತಿ ಮಾಡುತ್ತಿದ್ದರು. ಅವನೊಬ್ಬನೇ ಮಂಡಿಯೂರಿ ಮಣ್ಣು ಗೋರುತ್ತ, 'ತಡಕೊ ಯವ್ವಾ, ತಗೀತೇನಿ' ಎಂದು ಹೆಣಕ್ಕೆ ಸಮಾಧಾನ ಹೇಳುತ್ತಿದ್ದ.

ಡಾಕ್ಟರರು ಕೊಯ್ಯಿಸಿ ನೋಡಿ ಹೋದ ಮೇಲೆ ಅವ್ವ ಕಾಕಾನೆದುರು ನಿಂತಳು. 'ಕುತ್ತಿಗಿ ಮ್ಯಾಲಿನ ಆ ಕಲಿ ನಾನ ಅರಿಷಿಣ ಬಳದು ಮುಚ್ಚೀನ್ರಿ. ನನ್ನ ಕೈಯಾರೆ ಆ ಕೊಲೆಗಡಕನ್ನ ಉಳಿಸಿದ್ನೇನು?'

'ಇಲ್ಲ ಬೇ ಯವ್ವಾ. ಅರಿಷಿಣದಿಂದನ ಆ ಕಲಿ ಕೆಡಲಾರದ ಉಳದೈತಿ.'

ಎರಡು ದಿನ ಉಪವಾಸವಿದ್ದ ಅವ್ವ ಅಂದು ಉಂಡಳು.

ಬಾಗಲಕೋಟೆಯ ಕೋರ್ಟಿನಲ್ಲಿ ಅಕ್ಕನ ಮುರಿದ ಗಂಟಲೆಲುಬೇ ಮುಖ್ಯ ಸಾಕ್ಷಿಯಾಯಿತು. ಮುರಿದಲ್ಲಿ ರಕ್ತ ಕಟ್ಟಿದೆ, ಸತ್ತ ಮೇಲೆ ಮುರಿದರೆ ಹಾಗೆ ಕಟ್ಟುವುದಿಲ್ಲ ಎಂದರು ಡಾಕ್ಟರರು. ಅಗೆಯುವಾಗ ಸಲಿಕೆ ಬಡಿದು ಮುರಿದದ್ದು ಎಂದು ಆರೋಪಿಯ ವಕೀಲರು ಪಟ್ಟುಹಿಡಿದರು. ಅದಕ್ಕೆ ಕಾಕಾನೇ ಉತ್ತರ ಹೇಳಬೇಕಿತ್ತು. ಅವನ ಹೆಸರು ಕೂಗುವ ಮುಂಚೆ ವರಾಂಡದಲ್ಲಿ ನನ್ನನ್ನು ಬದಿಗೆ ಕರೆದ. 'ತಂಗಿ, ನಿಮ್ಮವ್ವನ್ನ ಚಾ ಕುಡಿಯಾಕ ಕಳಸು. ನಾ ಒಳಗ ಮಾತಾಡೂದು ಆಕಿ ಕೇಳೂದು ಬ್ಯಾಡ.' ಅಣ್ಣನ ಜೊತೆ ಕಳಿಸಿದೆ.

'ನೆತ್ತಿ ಕಂಡಿಂದ ಸಲಿಕಿ ಮುಟ್ಟಿಸಿಲ್ರಿ. ಕೈಲೇ ತಗದೇನಿ' ಎಂದ ಕಟಕಟೆಯಲ್ಲಿ.

'ಕುತ್ತಿಗೆಯ ಮೇಲೆ ಕಲೆ ಇತ್ತೇ?' ಆರೋಪಿಯ ವಕೀಲರು ಕೇಳಿದರು.

'ಕಂಡಿಲ್ರಿ. ಚರ್ಮ ಕೊಳತಿತ್ತು, ಮ್ಯಾಲ ಅರಿಷಿಣ. ಏನೂ ಕಂಡಿಲ್ಲ.'

ಭಾವನಿಗೆ ಜೀವಾವಧಿ ಶಿಕ್ಷೆಯಾಯಿತು.

ಹೋದ ವರ್ಷ ಕಾಕಾ ತೀರಿಕೊಂಡ. ಮಣ್ಣಿಗೆ ಹೋದಾಗ ಅವ್ವ ಅವನ ಹೆಂಡತಿಯ ಕೈ ಹಿಡಿದು, 'ನಾ ಹಚ್ಚಿದ ಅರಿಷಿಣನ ನನ್ನ ಮಗಳಿಗೆ ನ್ಯಾಯ ಕೊಡಿಸ್ತು. ನಿನ್ನ ಗಂಡನ ಹೇಳಿದ್ದ' ಎಂದಳು. ಆ ಹೆಂಗಸು ಏನೂ ತಿಳಿಯದೆ ನನ್ನ ಮುಖ ನೋಡಿದಳು.

'ಖರೇನ ಬೇ' ಎಂದೆ ನಾನು.