ಬಾಗಿಲಲ್ಲಿ ಚಪ್ಪಲಿ ಎಣಿಸಿದ ಐತವಾರ

ಜೇವರ್ಗಿ ಕಾಲೋನಿಯ ಒಂದು ಸಣ್ಣ ಲ್ಯಾಬಿನಲ್ಲಿ ನಾನು ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದೆ. ಅವಳು ಕೌಂಟರಿನಲ್ಲಿ ಕೂತು ರಿಪೋರ್ಟ್ ಟೈಪ್ ಮಾಡಲು ಹೊಸದಾಗಿ ಬಂದವಳು. ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಮಧ್ಯಾಹ್ನ ಊಟದ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ನಾವಿಬ್ಬರೇ ಇರುತ್ತಿದ್ದೆವು.

ಬಂದ ಎರಡನೇ ವಾರ ಅವಳು ತನ್ನ ಫೋನನ್ನು ನನ್ನ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು. ಜಪಾನಿನ ಅನಿಮೆ, ಕಾರ್ಟೂನಿನ ಹಾಗೆ ಚಿತ್ರ ಬಿಡಿಸಿ ಮಾಡಿದ ಧಾರಾವಾಹಿ. ನಾಲ್ಕು ನಿಮಿಷಕ್ಕೇ ಮುಗಿಯುವ ಭಾಗಗಳು. ಒಬ್ಬ ಹೆಣ್ಣುಮಗಳು ಆಫೀಸಿನಿಂದ ದಣಿದು ಮನೆಗೆ ಬರುತ್ತಾಳೆ, ಇನ್ನೊಬ್ಬಳು ಅಡುಗೆ ಮಾಡಿ ಕಾಯುತ್ತಿರುತ್ತಾಳೆ. ಮನೆಯಲ್ಲಿ ಒಂದೇ ತತ್ತಿ ಉಳಿದಿದೆ, ಅದನ್ನು ಅರ್ಧ ಅರ್ಧ ಮಾಡಿ ತಿನ್ನುತ್ತಾರೆ. ಅಷ್ಟೇ ಕತೆ. ಕೆಳಗೆ ಇಂಗ್ಲಿಷಿನಲ್ಲಿ ಬರುವ ಮಾತನ್ನು ಅವಳು ನಮ್ಮ ಮಾತಿಗೆ ತಿರುಗಿಸಿ ಓದುತ್ತಿದ್ದಳು: "ಬಂದ್ಯಾ? ಕೈಕಾಲ್ ತೊಳಕೊಂಡು ಬಾ, ಆರಿ ಹೋಗ್ತದ."

"ಇವರಿಬ್ರೂ ಯಾರ್ರಿ?" ಎಂದೆ.

"ಒಂದೇ ಮನ್ಯಾಗ ಇರ್ತಾರ್ರಿ."

"ಗೆಳತ್ಯಾರೇನು?"

ಅವಳು ರೊಟ್ಟಿ ಮುರಿಯುತ್ತಾ, "ಅದಕಿಂತ ಹೆಚ್ಚ್ರಿ" ಎಂದಳು.

ನಾನು ಅರ್ಧ ಊಟ ಬಿಟ್ಟು ಡಬ್ಬಿ ತೊಳೆಯಲು ಎದ್ದೆ. ಕಾಲೇಜಿನ ಹಾಸ್ಟೆಲಿನಲ್ಲಿ ಹೀಗೇ ಒಬ್ಬಳು ಹತ್ತಿರ ಬಂದು, ಸಿಹಿ ಮಾತಾಡಿ, ನನಗೆ ಹೆಣ್ಣುಮಕ್ಕಳ ಮೇಲೇ ಮನಸ್ಸು ಅನ್ನುವುದನ್ನು ನನ್ನ ಬಾಯಿಂದಲೇ ಹೊರಡಿಸಿಕೊಂಡು, ಮರುದಿನ ಇಡೀ ಮಹಡಿಗೆ ಹೇಳಿದ್ದಳು. ಆಮೇಲೆ ಎರಡು ವರ್ಷ ಅಲ್ಲಿ ನಾನು ಒಬ್ಬಳೇ ಊಟ ಮಾಡಿದ್ದೆ. ಇವಳನ್ನು ಯಾರೋ ಕಳಿಸಿರಬೇಕು, ನನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ ಅನ್ನಿಸಿತು.

ಕಸ ಹೊಡೆಯುವ ಅಕ್ಕನನ್ನು ಕೇಳಿದೆ. "ಆಕಿ ನಿಮಗೂ ಫೋನಿನಾಗ ಏನರೆ ತೋರಿಸ್ಯಾಳೇನು?"

"ನಂಗ್ಯಾಕ ತೋರಿಸ್ತಾಳ ಬಿಡವ್ವ" ಎಂದಳು ಅವಳು.

ಅಂದರೆ ನನಗೊಬ್ಬಳಿಗೇ. ಅನುಮಾನ ಇನ್ನೂ ಗಟ್ಟಿಯಾಯಿತು. ಆದರೂ ಮರುದಿನ ಫೋನು ಡಬ್ಬಿಗೆ ಒರಗಿದಾಗ ನಾನು ಏಳಲಿಲ್ಲ. ಆ ಅನಿಮೆಯನ್ನೂ ನಾನು ನಂಬುತ್ತಿರಲಿಲ್ಲ. ಪ್ರತಿ ಭಾಗದಲ್ಲೂ ಈಗ ಯಾರೋ ಬಾಗಿಲು ಬಡಿಯುತ್ತಾರೆ, ಈಗ ಊರಿಂದ ಫೋನು ಬರುತ್ತದೆ ಎಂದು ಕಾಯುತ್ತಿದ್ದೆ. ಬರುತ್ತಲೇ ಇರಲಿಲ್ಲ. ಒಬ್ಬಳು ಇನ್ನೊಬ್ಬಳ ತಲೆ ಒರೆಸುತ್ತಾಳೆ, ಇಬ್ಬರೂ ಬಟ್ಟೆ ಒಣಹಾಕುತ್ತಾರೆ, ಮುಗಿಯಿತು.

ಬೇಸಿಗೆಯ ಒಂದು ದಿನ ಕರೆಂಟು ಹೋಗಿ ಲ್ಯಾಬು ಖಾಲಿಯಾಗಿತ್ತು. ಆವತ್ತಿನ ಭಾಗದಲ್ಲಿ ಆ ಇಬ್ಬರು ಸ್ಟೇಶನ್ನಿನಲ್ಲಿ ಕೈ ಹಿಡಿದು ನಿಂತಿದ್ದರು.

"ಮುಂದ ಏನಾಗ್ತದ?" ಎಂದೆ.

"ಏನೂ ಆಗಂಗಿಲ್ರಿ. ಮರುದಿನ ಮತ್ತ ಕೆಲಸಕ್ಕ ಹೋಗ್ತಾರ."

"ಯಾರ ಹೇಳ್ಯಾರ ನಿಮಗ, ಇದನ್ನ ನನಗ ತೋರಸಂತ?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಕೆಂಪಾಯಿತು. "ಯಾರೂ ಹೇಳಿಲ್ರಿ. ನನಗ ನಿಮ್ಮ ಜೋಡಿ ಕುಂತು ನೋಡಬೇಕು ಅನ್ನಿಸ್ತದ. ಬ್ಯಾಡಂದ್ರ ನಾಳಿಂದ ತರಂಗಿಲ್ಲ."

"ಬ್ಯಾಡ ಅಂದಿಲ್ಲ" ಎಂದೆ. ಜಾರಿದ್ದ ಫೋನನ್ನು ಮತ್ತೆ ಡಬ್ಬಿಗೆ ಒರಗಿಸಿದೆ. ಅವಳು ತನ್ನ ಕೈಯನ್ನು ನನ್ನ ಕೈ ಮೇಲೆ ಇಟ್ಟಳು. ಕರೆಂಟು ಬರುವವರೆಗೆ ತೆಗೆಯಲಿಲ್ಲ.

ಆ ವರ್ಷವೇ ನಾವು ಲ್ಯಾಬಿನ ಹಿಂದಿನ ಓಣಿಯಲ್ಲಿ ಮೇಲ್ಮಹಡಿಯ ಒಂದು ಕೋಣೆ, ಒಂದು ಅಡುಗೆಮನೆ ಹಿಡಿದೆವು. ಅಣ್ಣನ ಮದುವೆಯಾದ ಮೇಲೆ ಸ್ಟೇಶನ್ ಬಜಾರದ ನಮ್ಮ ಮನೆಯಲ್ಲಿ ಜಾಗ ಇರಲಿಲ್ಲ. ಅವಳಿಗೆ ದಿನಾ ಬಸ್ಸಿನ ಓಡಾಟ ಸಾಕಾಗಿತ್ತು. ಇಬ್ಬರ ಮನೆಯವರಿಗೂ ಹೇಳಲು ಅಷ್ಟು ಸಾಕಾಯಿತು. ಜಗತ್ ಸರ್ಕಲ್ಲಿನ ಅಂಗಡಿಗೆ ಹೋಗಿ ಒಂದು ಕುಕ್ಕರು, ಉಣ್ಣಲು ಎರಡು ಗಂಗಾಳ ತಂದೆವು. "ರೀ" ಹೋಗಿ "ನೀ" ಬಂತು.

ಪ್ರತಿ ಐತವಾರ ಅವಳು ಕಮಲಾಪುರಕ್ಕೆ ಅವ್ವನ ಹತ್ತಿರ ಹೋಗುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವ್ವ ಒಬ್ಬರೇ ಹೊಲಿಗೆ ಕೆಲಸ ಮಾಡಿ ಇವಳನ್ನು ಬೆಳೆಸಿದವರು. "ನಾನೂ ಬರ್ಲೇನು?" ಎಂದರೆ, "ಇನ್ನೊಂದ್ಸಲ ಬಾ" ಎನ್ನುತ್ತಿದ್ದಳು. ಮೊದಮೊದಲು ನಾನು ಏನೂ ಅಂದುಕೊಳ್ಳಲಿಲ್ಲ. ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಐತವಾರ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಏನು ಮಾಡಿದಿರಿ ಅಂದರೆ "ಸುಮ್ನ ಕುಂತಿದ್ದಿವಿ" ಎನ್ನುತ್ತಿದ್ದಳು. ಅವ್ವನ ಫೋನು ಬಂದರೆ ಎದ್ದು ಬಾಲ್ಕನಿಗೆ ಹೋಗುತ್ತಿದ್ದಳು.

ಒಂದು ಶನಿವಾರ ನಾನು ಸ್ನಾನ ಮುಗಿಸಿ ಬರುವಾಗ ಅವಳ ಮಾತು ಕಿವಿಗೆ ಬಿತ್ತು. "ಹೂಂ ಅವ್ವ, ನಾಳಿಗಿ ಪೂರಾ ಮುಗಿಸಿಬಿಡೂಣು. ಆಕಿಗಿ ನಾ ಆಮ್ಯಾಲ ಹೇಳ್ತೀನಿ."

ಆವತ್ತು ಸಂಜೆ ಅವಳು ಒಳ್ಳೆಯ ಸೀರೆಯೊಂದಕ್ಕೆ ಇಸ್ತ್ರಿ ಮಾಡಿ ಚೀಲದಲ್ಲಿಟ್ಟಳು. ಯಾಕೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಗಂಡಿನ ಕಡೆಯವರು ಬರುತ್ತಾರೆ, ಮಾತು ಮುಗಿಯುತ್ತದೆ, ಎಲ್ಲ ಆದ ಮೇಲೆ ನನಗೆ ಹೇಳುತ್ತಾಳೆ. ನನ್ನ ತಲೆಯಲ್ಲಿ ಅದು ಆಗಿಹೋಗಿತ್ತು.

ಬೆಳಿಗ್ಗೆ ಅವಳು ಹೋದ ಒಂದು ತಾಸಿಗೆ ನಾನೂ ಬಸ್ಸು ಹತ್ತಿದೆ. ಕಮಲಾಪುರದಲ್ಲಿ ಇಳಿದಾಗ ಬಿಸಿಲು ಏರಿತ್ತು. ರಸ್ತೆಬದಿಯಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದ ಮುದುಕಿಯನ್ನು ಕೇಳಿದೆ. "ಮಷೀನ್ ಹೊಲಿಯೋರ ಮನಿ ಏನು? ಆ ಓಣ್ಯಾಗ ಹೋಗವ್ವ, ನೀಲಿ ಬಾಗಲ" ಎಂದಳು.

ಬಾಗಿಲು ತೆರೆದೇ ಇತ್ತು. ನಾನು ಮೊದಲು ನೋಡಿದ್ದು ಹೊಸ್ತಿಲ ಹೊರಗಿನ ಚಪ್ಪಲಿಗಳನ್ನು. ಎರಡು ಜೋಡಿ, ಎರಡೂ ಹೆಂಗಸರವು. ಮತ್ತೊಮ್ಮೆ ಎಣಿಸಿದೆ. ಗಂಡಸರು ಇನ್ನೂ ಬಂದಿಲ್ಲ ಅಂದುಕೊಂಡೆ. ಒಳಗಿಂದ ಅವಳ ದನಿ ಕೇಳುತ್ತಿತ್ತು: "ಯಾಕಿಷ್ಟ್ ತಡಾ ಮಾಡ್ದಿ? ನಾ ಉಣ್ಣದ ಕಾಯ್ಕೋತ ಕುಂತೀನಿ." ಯಾರೊಂದಿಗೋ ಫೋನಿನಲ್ಲಿ, ಅಷ್ಟು ಪ್ರೀತಿಯಿಂದ.

ಆಗ ಅವ್ವ ನೀರು ಚೆಲ್ಲಲು ಹೊರಗೆ ಬಂದರು. ತೆಳ್ಳಗಿನ ಹೆಂಗಸು, ಕೊರಳಲ್ಲಿ ಹೊಲಿಗೆಯ ಟೇಪು. "ಯಾರವ್ವ ನೀ?"

ನಾನು ಬಾಯಿ ತೆರೆಯುವ ಮೊದಲೇ ಅವಳು ಅವ್ವನ ಹಿಂದೆ ಬಂದು ನಿಂತಳು. ನನ್ನನ್ನು ಕಂಡು ಬಿಳುಚಿಕೊಂಡಳು.

"ನನ್ನ ಜೋಡಿ ಇರ್ತಾಳಲ್ಲವ್ವ, ಆಕಿ" ಎಂದಳು.

"ಬಾ ಒಳಗ. ಕೊನೀದ ನೋಡಾಕತ್ತೀವಿ" ಎಂದರು ಅವ್ವ.

ಮಷೀನಿನ ಮೇಲೆ ಫೋನು ನಿಂತಿತ್ತು. ಅದರಲ್ಲಿ ಅದೇ ಇಬ್ಬರು ಹೆಣ್ಣುಮಕ್ಕಳು; ನಾನು ಹೊರಗೆ ನಿಂತು ಕೇಳಿದ್ದು ಅವರ ಮಾತು. ತಿಂಗಳುಗಟ್ಟಲೆ, ಐತವಾರಕ್ಕೆ ಎರಡು ಮೂರು ಭಾಗದಂತೆ, ಅವಳು ಅವ್ವನಿಗೆ ಅದನ್ನು ಓದಿ ಹೇಳುತ್ತಿದ್ದಳು. ಇಸ್ತ್ರಿಯಾದ ಸೀರೆ ಮಂಚದ ಮೇಲಿತ್ತು. ಆ ಸೀರೆಯ ಜೊತೆ ತೊಡಲೆಂದು ಅವ್ವ ಹೊಲಿದ ಹೊಸ ಜಂಪರಿನ ಅಳತೆ ನೋಡಲು ತಂದದ್ದು.

ಮೂವರೂ ಕೂತು ಕೊನೆಯ ಭಾಗ ನೋಡಿದೆವು. ಆ ಇಬ್ಬರು ಹೊಸ ಮನೆಗೆ ಸಾಮಾನು ಸಾಗಿಸುತ್ತಾರೆ. ಮುಗಿದ ಮೇಲೆ ಅವ್ವ ಕೊರಳ ಟೇಪು ತೆಗೆದು ಸುತ್ತಿಟ್ಟರು.

"ಇವರ ಮನಿಗಿ ಯಾರೂ ಬರಂಗಿಲ್ಲೇನು? ಅವ್ವ ಅಪ್ಪ, ಬಳಗ, ಒಬ್ರೂ ಇಲ್ಲ. ಹೊಸ ಮನಿ ಹೊಕ್ಕರ ಹಾಲು ಉಕ್ಕಿಸೋರೂ ಇಲ್ಲ."

ಅವ್ವ ನನ್ನ ಕಡೆ ತಿರುಗಿದರು. "ನೀ ಏನ ಬಂದಿ, ಹೇಳದ ಕೇಳದ?"

"ಈ ಕಡಿ ಸ್ವಲ್ಪ ಕೆಲಸ ಇತ್ರಿ."

"ಐತವಾರ ದಿವಸ ಇಲ್ಲೇನ ಕೆಲಸ?" ಎಂದು ನನ್ನನ್ನೇ ದಿಟ್ಟಿಸಿದರು. ಆಮೇಲೆ ಎದ್ದು ಹೋಗಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು.

ವಾಪಸ್ಸು ಬಸ್ಸಿನಲ್ಲಿ ಅರ್ಧ ದಾರಿಗೆ ಅವಳು ಮಾತಾಡಿದಳು. "ನನ್ನ ಹಿಡೀಬೇಕಂತ ಬಂದಿದ್ದಿ."

"ಹೌದು."

"ಇವತ್ತ ಹೇಳಾಕಿದ್ದೆ ಅವ್ವಗ. ಕೊನೀದು ಮುಗದ ಕೂಡ್ಲೇ, ನಾವೂ ಹಿಂಗ ಇದ್ದೀವಿ ಅಂತ. ಆಮ್ಯಾಲ ನಿನಗ ಎಲ್ಲಾ ಹೇಳಾಕಿದ್ದೆ. ಆರು ತಿಂಗಳಿಂದ ಧೈರ್ಯ ಕೂಡಿಸಿದ್ದೆ. ನೀ ಬಂದು ಬಾಗಲದಾಗ ನಿಂತಿ."

ನಾನು ಕ್ಷಮೆ ಕೇಳಿದೆ. ಅವಳು ಕಿಟಕಿಯ ಕಡೆ ತಿರುಗಿದಳು. ನಾಲ್ಕು ದಿನ ಒಂದೇ ಕೋಣೆಯಲ್ಲಿ ಮಾತಿಲ್ಲದೆ ಇದ್ದೆವು. ಅಡುಗೆ ಮಾಡಿ ನನ್ನ ಪಾಲು ಮುಚ್ಚಿಡುತ್ತಿದ್ದಳು, ಜೊತೆಗೆ ಕೂರುತ್ತಿರಲಿಲ್ಲ. ಬಿಟ್ಟು ಹೋಗುತ್ತಾಳೆ ಅನ್ನುವ ಅನುಮಾನ ಆಗಲೂ ಬಂತು. ಈ ಸಲ ಅದು ನಾನೇ ತಂದುಕೊಂಡದ್ದಾಗಿತ್ತು.

ಐದನೇ ದಿನ ಮಧ್ಯಾಹ್ನ ನನ್ನ ಫೋನಿಗೆ ಅವ್ವನ ಕರೆ ಬಂತು. ನಂಬರು ಹೇಗೆ ಸಿಕ್ಕಿತೋ ಕೇಳಲಿಲ್ಲ.

"ಆಕಿ ನಿನ್ನ ಜೋಡಿ ಮಾತಾಡಾಕತ್ತಾಳೇನು?"

"ಇಲ್ರಿ."

"ಆವತ್ತ ಕಿಡಕ್ಯಾಗಿಂದ ನೋಡೀನಿ ನಿನ್ನ. ಬಾಗಲದಾಗ ನಿಂತು ಚಪ್ಪಲಿ ಎಣಸಾಕತ್ತಿದ್ದಿ. ಬರೇ ಗೆಳತ್ಯಾರು ಹಂಗ ಎಣಸಂಗಿಲ್ಲ." ಮಷೀನು ತುಳಿಯುತ್ತಲೇ ಮುಂದುವರಿಸಿದರು. "ನಾ ಒಪ್ಪೀನಿ ಅಂತ ತಿಳ್ಕೋಬ್ಯಾಡ. ನನಗ ಹೆದರಿಕಿ ಆಗ್ಯದ. ಮಂದಿಗೇನು ಹೇಳ್ಲಿ, ನಾ ಹೋದ ಮ್ಯಾಲ ನಿಮಗ ಯಾರು, ಏನೂ ತಿಳಿವಲ್ದು. ಆದ್ರ ಆಕಿ ಮ್ಯಾಲ ಸಂಶೆ ಪಡಬ್ಯಾಡ. ಸಣ್ಣಾಕಿದ್ದಾಗಿಂದ ಆಕಿಗಿ ಸುಳ್ಳ ಹೇಳಾಕ ಬರಂಗಿಲ್ಲ, ಸುಮ್ನಾಗ್ತಾಳ ಅಷ್ಟ."

ಸಿಹಿ ಮಾತಾಡಿದ್ದರೆ ನಾನು ನಂಬುತ್ತಿರಲಿಲ್ಲ. ಹೆದರಿಕೆ ಎಂದದ್ದಕ್ಕೇ ನಂಬಿದೆ. ಕೌಂಟರಿಗೆ ಹೋಗಿ ಅವಳಿಗೆ ಎಲ್ಲ ಹೇಳಿದೆ. ಅವಳು ರಿಪೋರ್ಟಿನ ಹಾಳೆಗಳ ಮೇಲೆ ತಲೆಯಿಟ್ಟು ಅತ್ತಳು. ಅಷ್ಟರಲ್ಲಿ ಶುಗರ್ ತೋರಿಸಲು ಒಬ್ಬ ವಯಸ್ಸಾದ ಮುತ್ಯಾ ಬಂದರು. ಅವರನ್ನು ಒಳಗೆ ಕೂರಿಸಿ ನಾನು ಕೈ ತೊಳೆದುಕೊಂಡೆ.

ಈಗ ತಿಂಗಳಿಗೊಮ್ಮೆ ಇಬ್ಬರೂ ಕಮಲಾಪುರಕ್ಕೆ ಹೋಗುತ್ತೇವೆ. ಓಣಿಯವರು ಕೇಳಿದರೆ ಅವ್ವ "ಲ್ಯಾಬಿನಾಗ ಕೆಲಸ ಮಾಡ್ತಾರ" ಎಂದಷ್ಟೇ ಹೇಳುತ್ತಾರೆ. ನನ್ನ ಅಣ್ಣನಿಗೆ ಇನ್ನೂ ಏನೂ ಗೊತ್ತಿಲ್ಲ. ಅನುಮಾನ ನನ್ನನ್ನು ಬಿಟ್ಟು ಹೋಗಿಲ್ಲ, ಆದರೆ ಬಂದಾಗ ಬಾಯಿಬಿಟ್ಟು ಕೇಳುತ್ತೇನೆ. ಕೇಳಿದಾಗಲೆಲ್ಲ ಅವಳಿಗೆ ಸಿಟ್ಟು ಬರುತ್ತದೆ. ಸಿಟ್ಟಿನಲ್ಲೇ ಉತ್ತರ ಕೊಡುತ್ತಾಳೆ.